ಗುಂಡನ ಮೂರು

“ಓದಿ ಮೇಷ್ಟ್ರೇ. ಇದು ಮೂರೋ, ಎಂಟೋ?”

ಅಕ್ಷರ ಮೇಷ್ಟ್ರು ಬಾಟಲಿಯನ್ನು ಮುಟ್ಟಲಿಲ್ಲ. ಕುತ್ತಿಗೆಗೆ ಕೋರ್ಟಿನ ಚೀಟಿ ಕಟ್ಟಿಸಿಕೊಂಡು ಪ್ಲಾಸ್ಟಿಕ್ ಚೀಲದೊಳಗೆ ಕೂತಿದ್ದ ಆ ಬೆರಳುದ್ದದ ಬಾಟಲಿಯನ್ನು ಹಾವು ಕಂಡವರ ಹಾಗೆ ನೋಡಿದರು. ಆಮೇಲೆ ಕನ್ನಡಕವನ್ನು ಹಣೆಗೆ ಏರಿಸಿ ಕಿಟಕಿಯ ಕಡೆ ಮುಖ ತಿರುಗಿಸಿದರು.

“ಈ ಅಕ್ಷರ ನಂದಲ್ಲ.”

“ಇದು ಯಾರದು ಅಂತ ನಾನು ಕೇಳಲೇ ಇಲ್ಲ. ಮೂರೋ ಎಂಟೋ ಅಂತ ಕೇಳಿದೆ.”

ಪ್ರಶ್ನೆ ಕೇಳಿದ ಭೂತಗನ್ನಡಿ ಅವಸರ ಮಾಡಲಿಲ್ಲ. ಪೊಲೀಸರ ಬೆರಳಚ್ಚು ವಿಭಾಗದಲ್ಲಿ ಮೂವತ್ತು ವರ್ಷ ಗೀರು ಎಣಿಸಿ, ಈಗ ಸ್ವಂತವಾಗಿ ಪತ್ತೇದಾರಿಕೆ ಮಾಡಿಕೊಂಡಿದ್ದ ಅವನನ್ನು ಹೆಂಡತಿಯೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ಕರೆಯುತ್ತಿದ್ದದ್ದು ಆ ಹೆಸರಿನಿಂದಲೇ. ಕಾಯುವುದು ಅವನಿಗೆ ಹೊಸದಲ್ಲ. ಆದರೆ ಈ ಸಲದ ಕೇಸು ಮನೆಯದು.

ಅವನ ನಾದಿನಿ ಪೊಲೀಸರ ವಶಕ್ಕೆ ಹೋಗಿ ಇವತ್ತಿಗೆ ಹನ್ನೊಂದು ದಿನ. ಅವಳು ಹಿರಿಯ ನರ್ಸ್ ಆಗಿದ್ದ ಹಸುಗೂಸುಗಳ ವಾರ್ಡಿನಲ್ಲಿ ನಾಲ್ಕು ಮಕ್ಕಳು ತೀರಿಕೊಂಡಿದ್ದವು. ನಾಲ್ಕರ ರಕ್ತದಲ್ಲೂ ಸೆಳವಿಗೆ ಕೊಡುವ ಈ ಹನಿ ಔಷಧಿ ಅಳತೆ ಮೀರಿ ಸಿಕ್ಕಿತ್ತು. ಔಷಧಿಯ ಬೀರುವಿನ ಕೀಲಿ ಅವಳ ಸೊಂಟದಲ್ಲಿತ್ತು. ಪೊಲೀಸರು ಕೇಳಿದ್ದಕ್ಕೆ ಅವಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಆ ಕೋಣೆಯ ತುಂಬ ಅಕ್ಷರಗಳಿದ್ದವು. ಗೋಡೆಗೆ ಒರಗಿಸಿದ ಹಲಗೆಗಳ ಮೇಲೆ, ಮೇಜಿನ ಮೇಲಿನ ಹಾಳೆಗಳಲ್ಲಿ, ಬಾಗಿಲ ಹಿಂಬದಿಯಲ್ಲಿ ಕೂಡ. ಎಲ್ಲವೂ ದಪ್ಪ, ಎಲ್ಲವೂ ದುಂಡು. ಎಲ್ಲೂ ಒಂದು ಮೂಲೆಯಿಲ್ಲ, ಒಂದು ಚೂಪಿಲ್ಲ. ತಲೆಕಟ್ಟುಗಳು ಬೆಣ್ಣೆಯಲ್ಲಿ ಅದ್ದಿ ತೆಗೆದಂತಿದ್ದವು. ‘ಅ’ ಅಂತೂ ಹೊಟ್ಟೆ ತುಂಬ ಹಾಲು ಕುಡಿದು ಮಗ್ಗುಲಾದ ಮಗುವಿನ ಹಾಗಿತ್ತು.

ಬಾಟಲಿಯ ಲೇಬಲ್ಲಿನ ಮೇಲೆ ಔಷಧಿಯ ಹೆಸರೂ ಅದೇ ಅಕ್ಷರದಲ್ಲಿತ್ತು. ಹೆಸರಿನ ಕೆಳಗೆ, ಇರುವೆ ಸಾಲಿನಷ್ಟು ಚಿಕ್ಕದಾಗಿ, ಅಳತೆಯ ಸಾಲೂ ಅದೇ ಅಕ್ಷರದಲ್ಲಿತ್ತು.

“ಮೇಷ್ಟ್ರೇ, ನಿಮ್ಮ ಗೋಡೇನೇ ನಿಮ್ಮ ಮೇಲೆ ಸಾಕ್ಷಿ ಹೇಳ್ತಿದೆ. ಸುಮ್ಮನೆ ಯಾಕೆ?”

ಮುದುಕರು ಕನ್ನಡಕವನ್ನು ಇಳಿಸಿಕೊಂಡರು.

“ಇವನ ಹೆಸರು ಗುಂಡ” ಎಂದರು, ಮನೆಯ ಹುಡುಗನೊಬ್ಬ ತಪ್ಪು ಮಾಡಿ ಸಿಕ್ಕಿಬಿದ್ದಾಗ ಅಪ್ಪನಾದವನು ಹೇಳುವಂತೆ. “ನನ್ನ ಮೊದಲನೇ ಮೊಮ್ಮಗು ಹುಟ್ಟಿದ ವರ್ಷ ಈ ಅಚ್ಚಿನ ಅಕ್ಷರಾನ ಬರೆದೆ. ಅದರ ತೋಳು ನೋಡಿ ಬರೆದೆ. ಮಣಿಕಟ್ಟಿನ ಹತ್ರ ಗೆರೆ ಬಿದ್ದಿರುತ್ತಲ್ಲ, ದಾರ ಕಟ್ಟಿದ ಹಾಗೆ? ಅದನ್ನ ನೋಡ್ತಾ ನೋಡ್ತಾ ‘ಕ’ ಬರೆದೆ. ಒಂದು ಆಟಿಕೆ ಅಂಗಡಿಯವರು ಬೋರ್ಡಿಗೆ ಬೇಕು ಅಂದಿದ್ದರು. ಬೋರ್ಡು ಏರಿದ ದಿನ ರಸ್ತೆ ಆಚೆಯಿಂದ ಮಕ್ಕಳು ಅಮ್ಮಂದಿರ ಕೈ ಜಗ್ಗಿದವು ಸ್ವಾಮಿ. ಓದೋಕೆ ಬರದ ಮಕ್ಕಳು!”

“ಆಮೇಲೆ?”

“ಆಮೇಲೇನು, ಎಲ್ಲರಿಗೂ ಗುಂಡನೇ ಬೇಕಾದ. ಐಸ್‌ಕ್ರೀಮ್ ಗಾಡಿ, ಶಿಶುವಿಹಾರ, ಬಿಸ್ಕತ್ತು, ಸೋಪು, ಬಲೂನು. ಒಬ್ಬ ಹಲ್ಲು ಕೀಳೋ ಡಾಕ್ಟರು ಕೂಡ ತಗೊಂಡು ಹೋದರು. ಗುಂಡನ ಬೋರ್ಡು ಹಾಕಿದ ಮೇಲೆ ಮಕ್ಕಳು ಅಳದೆ ಒಳಗೆ ಬರ್ತಾವೆ ಅಂದ್ರು.” ಹೇಳುತ್ತ ಹೇಳುತ್ತ ಮುದುಕರ ತುಟಿಯಲ್ಲಿ ನಗು ಮೂಡಿ, ಬಾಟಲಿಯ ಮೇಲೆ ಕಣ್ಣು ಬಿದ್ದೊಡನೆ ಆರಿಹೋಯಿತು. “ಇವನನ್ನ ಕಂಡರೆ ಯಾರಿಗೂ ಭಯ ಆಗಲ್ಲ. ಅದೇ ಇವನ ಗುಣ.”

“ಅದೇ ಇವನ ದೋಷವೂ ಹೌದು ಅಂತ ಕಾಣುತ್ತೆ.”

“ದೋಷ ಬೇರೆ ಇದೆ.” ಮೇಷ್ಟ್ರು ಒಂದು ಹಾಳೆ ಎಳೆದುಕೊಂಡರು. ಮೊಳಕೈ ಗಾತ್ರದ ‘3’ ಬರೆದರು. ಅದರ ಎರಡು ತುದಿಗಳೂ ದುಂಡಗೆ ಊದಿ, ಒಳಕ್ಕೆ ಬಾಗಿ, ನಡುವಿನ ಮೂಗನ್ನು ಮುಟ್ಟುವಷ್ಟು ಹತ್ತಿರ ಬಂದು ನಿಂತವು. “ನೋಡಿ, ಇಷ್ಟು ದೊಡ್ಡದಿದ್ದಾಗ ಮೂರು. ಬಾಯಿ ಎರಡೂ ತೆರೆದಿವೆ. ಚಿಕ್ಕದು ಮಾಡ್ತಾ ಹೋಗಿ. ಸಂದು ಕಿರಿದಾಗುತ್ತೆ. ಅದರ ಮೇಲೆ ಶಾಯಿ ಹರಡುತ್ತೆ. ಬಾಯಿ ಮುಚ್ಚಿಹೋಗುತ್ತೆ.”

“ಎಂಟಾಗುತ್ತೆ.”

“ಎಂಟಾಗುತ್ತೆ. ಗುಂಡ ಕೂಗೋಕೆ ಹುಟ್ಟಿದೋನು ಸ್ವಾಮಿ. ಅವನಿಗೆ ಪಿಸುಗುಟ್ಟೋಕೆ ಬರಲ್ಲ. ಅಕ್ಷರಾನೂ ಹಾಗೇನೇ. ‘ಠ’ದ ಒಳಗಿನ ಚುಕ್ಕೆ ಕರಗಿಹೋಗುತ್ತೆ. ‘ಧ’ದ ಕೆಳಗಿನ ಗೀಟು ಮಾಯವಾಗಿ ‘ದ’ ಆಗಿಬಿಡುತ್ತೆ. ಇವನನ್ನ ಚಿಕ್ಕದು ಮಾಡಿದರೆ ಮೊದಲು ಹೋಗೋದೇ ಮಹಾಪ್ರಾಣ...”

ಮಾತು ಅಲ್ಲಿಗೇ ನಿಂತಿತು. ತಾವೇನು ಅಂದೆವೆಂಬುದು ಅವರ ಕಿವಿಗೆ ಆಗ ಬಿದ್ದಿತ್ತು.

ಭೂತಗನ್ನಡಿ ಬಾಟಲಿಯನ್ನು ಅವರತ್ತ ಸರಿಸಿ, ತನ್ನ ಜೇಬಿನ ದುಂಡು ಗಾಜನ್ನು ಅದರ ಮೇಲೆ ಹಿಡಿದ. “ಆ ವಾರ್ಡಲ್ಲಿ ಡಾಕ್ಟರು ಬರೆಯೋದು ‘ಬಾಟಲಿಯ ಮೇಲಿನ ಅಳತೆಯಂತೆ’ ಅಂತ ಅಷ್ಟೆ. ನವಜಾತ ಶಿಶುವಿಗೆ ಎಷ್ಟು ಹನಿ, ಹೇಳಿ.”

ಮುದುಕರು ಬಗ್ಗಿದರು. ಬಹಳ ಹೊತ್ತು ಬಗ್ಗಿದ್ದರು.

“ಬರೆದೋನು ನಾನು. ನನಗೇ ಎಂಟು ಅಂತ ಕಾಣ್ತಿದೆ.”

ಹನ್ನೊಂದು ದಿನಗಳಲ್ಲಿ ಮೊದಲ ಬಾರಿಗೆ ಭೂತಗನ್ನಡಿಗೆ ಉಸಿರು ಪೂರ್ತಿ ಒಳಗೆ ಹೋಯಿತು. ನಾದಿನಿ ಕೊಲೆಗಾತಿಯಲ್ಲ. ತಪ್ಪು ಓದಿದ್ದಾಳೆ, ಅಷ್ಟೆ. ಯಾರು ಓದಿದರೂ ತಪ್ಪೇ ಓದುತ್ತಿದ್ದರು.

“ಹೋದ ತಿಂಗಳು ಔಷಧಿ ಅಂಗಡೀಲಿ ಈ ಬಾಟಲಿ ನೋಡಿದ್ದೆ” ಎಂದರು ಮೇಷ್ಟ್ರು, ತಮ್ಮಷ್ಟಕ್ಕೆ ಎಂಬಂತೆ. “ಹೆಸರು ನೋಡಿ ಹಿಗ್ಗಿ ಹೀರೇಕಾಯಿ ಆದೆ. ಅಂಗಡಿಯವನಿಗೆ ಇದು ನನ್ನ ಗುಂಡ ಅಂತ ಹೇಳ್ಕೊಂಡೆ. ಕೆಳಗಿನ ಸಾಲು ಓದಲಿಲ್ಲ. ಕನ್ನಡಕ ಜೇಬಲ್ಲೇ ಇತ್ತು, ಸ್ವಾಮಿ. ಜೇಬಲ್ಲೇ ಇತ್ತು.”

ಅವರು ಅಳುತ್ತಿರಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

“ನಿಮ್ಮ ತಪ್ಪಲ್ಲ ಮೇಷ್ಟ್ರೇ.”

“ಸಮಾಧಾನ ಬೇಡ. ತಪ್ಪು ಯಾರದು ಅಂತ ನಾನೇ ಹೇಳ್ತೀನಿ.” ಅವರು ಎದ್ದು ಬೀರುವಿನಿಂದ ರಟ್ಟಿನ ಕಡತವೊಂದನ್ನು ತಂದರು. “ಹೋದ ವರ್ಷ ಗುಂಡನ ಮೂರನ್ನ ತಿದ್ದಿದೆ. ಬಾಯಿ ಅಗಲ ಮಾಡಿದೆ. ಇವನನ್ನ ಬಳಸೋ ಐದು ಪ್ರೆಸ್ಸಿಗೂ ಹೊಸ ಮೂರು ಕಳಿಸಿದೆ. ಜೊತೆಗೆ ಒಂದು ಚೀಟಿ: ಹೆಬ್ಬೆರಳ ಉಗುರಿಗಿಂತ ಚಿಕ್ಕದಾಗಿ ಗುಂಡನನ್ನ ಎಲ್ಲೂ ಬಳಸಬೇಡಿ. ಐದೂ ಜನ ಸಹಿ ಹಾಕಿ ತಗೊಂಡಿದ್ದಾರೆ. ಈ ಲೇಬಲ್ ಆಮೇಲೆ ಅಚ್ಚಾಗಿದ್ದು.” ಅವರು ಲೇಬಲ್ಲಿನ ಅಂಚಿನಲ್ಲಿದ್ದ ಪ್ರೆಸ್ಸಿನ ಗುರುತನ್ನು ಉಗುರಿನಿಂದ ತೋರಿಸಿದರು. “ಇದರಲ್ಲಿ ಇರೋದು ಹಳೇ ಮೂರು.”

ಬಾಗಿಲ ತನಕ ಬಂದು ಕೇಳಿದರು: “ಪೇಪರಲ್ಲಿ ಬಂದಿತ್ತಲ್ಲ, ಆ ನರ್ಸಮ್ಮ ನಿಮಗೇನಾಗಬೇಕು?”

“ಹೆಂಡತಿಯ ತಂಗಿ. ನನ್ನ ಮಗಳನ್ನ ಎತ್ತಿ ಆಡಿಸಿದೋಳು. ಈಗ ಮಗಳೂ ಅದೇ ವಾರ್ಡಲ್ಲಿ ಅವಳ ಕೈಕೆಳಗೆ ಕೆಲಸ ಕಲೀತಿದ್ದಾಳೆ.”

ಮೇಷ್ಟ್ರು ತಲೆಯಾಡಿಸಿದರು. ಅವನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಹಾಳೆ ಹರಿಯುವ ಸದ್ದು ಕೇಳಿಸಿತು. ಒಂದಾದ ಮೇಲೊಂದು, ನಿಧಾನವಾಗಿ.

*

ಪ್ರೆಸ್ಸಿನ ಯಜಮಾನಿ ಅಗಲ ಮುಖದ, ಗಟ್ಟಿ ದನಿಯ ಹೆಂಗಸು. ಗಂಡ ಬಿಟ್ಟುಹೋದ ಒಂದು ಹಳೇ ಯಂತ್ರವನ್ನು ನಾಲ್ಕು ಯಂತ್ರ ಮಾಡಿಕೊಂಡವಳು. ಗಾಜಿನ ಗೋಡೆಯ ಆಚೆ ಲೇಬಲ್ಲಿನ ಸುರುಳಿಗಳು ಒಂದೇ ಸಮನೆ ತಿರುಗುತ್ತಿದ್ದವು. ಒಂದರಲ್ಲಿ ಗುಂಡ ಶಾಂಪೂ ಮಾರುತ್ತಿದ್ದ, ಇನ್ನೊಂದರಲ್ಲಿ ಜೇನುತುಪ್ಪ.

“ಔಷಧಿ ಕಂಪನಿಯವರು ಏನು ಕೇಳ್ತಾರೋ ಅದನ್ನ ಅಚ್ಚು ಹಾಕ್ತೀವಿ. ಅಷ್ಟೇ ನಮ್ಮ ಕೆಲಸ” ಎಂದಳು.

“ಹೊಸ ಮೂರು ನಿಮ್ಮ ಹತ್ರ ಇತ್ತು.”

“ಇತ್ತು.”

“ಮೇಷ್ಟ್ರ ಚೀಟಿಯೂ ಇತ್ತು.”

“ಇತ್ತು ಅಂದೆನಲ್ಲ!” ಅವಳ ದನಿ ಏರಿತು. “ಹೊಸ ಮೂರು ಹಾಕಿ, ಚೀಟೀನೂ ಜೊತೆಗಿಟ್ಟು ಕಂಪನಿಗೆ ಪ್ರೂಫ್ ಕಳಿಸಿದ್ದೆ. ಕೆಳಗಿನ ಸಾಲಿಗೆ ತೆಳು ಅಕ್ಷರ ಹಾಕಿ ಇನ್ನೊಂದು ಪ್ರೂಫು ಕೂಡ ಕಳಿಸಿದ್ದೆ. ವಾಪಸ್ ಏನು ಬಂತು ಗೊತ್ತಾ?” ಅವಳು ಕಡತದಿಂದ ಒಂದು ಪ್ರೂಫನ್ನು ಹೊರಗೆಳೆದು ಅವನ ಮುಂದೆ ಎಸೆದಳು.

ತೆಳು ಅಕ್ಷರದ ಸಾಲಿನ ಮೇಲೆ ಹಸಿರು ಶಾಯಿಯಲ್ಲಿ ಅಡ್ಡಗೀಟು ಎಳೆದಿತ್ತು. ಪಕ್ಕದಲ್ಲಿ ಎರಡೇ ಪದ.

‘ಮುದ್ದಾಗಿಲ್ಲ. ಹಳೆಯದೇ.’

ಭೂತಗನ್ನಡಿ ಅದನ್ನು ಎರಡು ಸಲ ಓದಿದ. ಮೂವತ್ತು ವರ್ಷಗಳಲ್ಲಿ ಹಗೆಗೆ ಕೊಂದವರನ್ನು ನೋಡಿದ್ದ, ಆಸೆಗೆ ಕೊಂದವರನ್ನು ನೋಡಿದ್ದ. ಮುದ್ದಿಗೆ ಕೊಂದವರನ್ನು ನೋಡಿರಲಿಲ್ಲ.

“ನೀವು ಬೇಡ ಅನ್ನಬಹುದಿತ್ತು.”

“ಅನ್ನಬಹುದಿತ್ತು. ಪಕ್ಕದ ಬೀದಿ ಪ್ರೆಸ್ಸಿನವನು ಹೂಂ ಅಂತಿದ್ದ. ಲೇಬಲ್ ಹೀಗೇ ಬರ್ತಿತ್ತು. ನನ್ನ ಕೈ ಶುದ್ಧವಾಗಿರ್ತಿತ್ತು, ಮಕ್ಕಳು ಹೇಗೂ...” ಅವಳು ತುಟಿ ಕಚ್ಚಿಕೊಂಡಳು.

“ಈ ಪ್ರೂಫು ನನಗೆ ಬೇಕು. ಕೋರ್ಟಿಗೆ.”

“ತಗೊಳ್ಳಿ.”

ಇಷ್ಟು ಸುಲಭವಾಗಿ ಕೊಟ್ಟಳಲ್ಲ ಎಂದು ಅವನಿಗೆ ಅನಿಸಿತು. ಪೊಲೀಸ್ ಕೆಲಸದಲ್ಲಿ ಕಲಿತ ಪಾಠ ಅದು: ಕೇಳಿದ್ದನ್ನು ತಟ್ಟನೆ ಕೊಡುವವರ ಹತ್ತಿರ ಕೇಳದೆ ಇರುವುದು ಇನ್ನೊಂದಿರುತ್ತದೆ. ಅವಳ ಎಡಗೈ ಕಡತದ ಮೇಲೇ ಇತ್ತು. ಮುಚ್ಚಿದ ಕಡತವನ್ನು ಯಾರೂ ಹಾಗೆ ಒತ್ತಿ ಹಿಡಿಯುವುದಿಲ್ಲ.

“ಅದರಲ್ಲಿ ಇನ್ನೇನಿದೆ?”

“ಏನೂ ಇಲ್ಲ.”

“ಯಜಮಾನರೇ ಇಲ್ಲದ ಕಾಲದಲ್ಲಿ ಇಷ್ಟು ದೊಡ್ಡ ಪ್ರೆಸ್ ಕಟ್ಟಿದೀರಿ. ಸುಳ್ಳು ಹೇಳೋಕೆ ಮಾತ್ರ ಕಲೀಲಿಲ್ಲ ನೀವು. ನಾಳೆ ವಕೀಲರು ಕೋರ್ಟಿನ ಆದೇಶ ತರ್ತಾರೆ. ಆಗ ಎಲ್ಲರ ಮುಂದೆ ಬಿಚ್ಚಬೇಕಾಗುತ್ತೆ. ಈಗಾದರೆ ನಾವಿಬ್ಬರೇ.”

ಯಜಮಾನಿ ಗಾಜಿನಾಚೆ ಸುತ್ತುತ್ತಿದ್ದ ಸುರುಳಿಗಳನ್ನು ನೋಡಿದಳು. ಅವಳ ಗಟ್ಟಿ ದನಿ ಎಲ್ಲಿಗೋ ಹೋಗಿತ್ತು.

“ಒಂದು ಕಾಗದ ಬಂದಿತ್ತು. ಆಸ್ಪತ್ರೆಯಿಂದ. ಹತ್ತೊಂಬತ್ತನೇ ತಾರೀಕಿನದು.”

ಅವನು ಮನಸ್ಸಿನಲ್ಲೇ ದಿನ ಎಣಿಸಿದ. ಮೊದಲನೆಯ ಮಗು ಸತ್ತದ್ದು ಇಪ್ಪತ್ತೇಳಕ್ಕೆ.

“ನಾನು ಓದಿದೆ. ಕಂಪನಿಗೆ ಫೋನ್ ಮಾಡಿ ಹೇಳಿದೆ. ನೋಡೋಣ ಅಂದರು. ಆರು ತಿಂಗಳ ಲೇಬಲ್ ಆಗಲೇ ಅಚ್ಚಾಗಿ ಹೋಗಿತ್ತು. ನಾನೂ ನೋಡೋಣ ಅಂದ್ಕೊಂಡೆ.” ಅವಳು ಕಡತ ತೆರೆದು, ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದಳು. “ಪೇಪರಲ್ಲಿ ಸುದ್ದಿ ಬಂದ ದಿನದಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ. ಸುಟ್ಟುಹಾಕೋಣ ಅಂತ ಎರಡು ಸಲ ತೆಗೆದೆ. ಆಗಲಿಲ್ಲ. ಇದೊಂದೇ ಪ್ರತಿ. ತಗೊಂಡು ಹೋಗಿ, ನನ್ನ ತಲೆ ಮೇಲಿನ ಭಾರ ಇಳಿಯಲಿ. ಆದರೆ ಆ ನರ್ಸಿಗೆ ಇದರಿಂದ ಒಳ್ಳೇದಾಗುತ್ತೋ ಕೆಟ್ಟದಾಗುತ್ತೋ, ನನಗೆ ಗೊತ್ತಿಲ್ಲ.”

*

ಪ್ರೆಸ್ಸಿನ ಹೊರಗಿನ ಮೆಟ್ಟಿಲ ಮೇಲೆ ನಿಂತು ಅವನು ಹಾಳೆ ಬಿಚ್ಚಿದ. ಕೈಬರಹ ಗುರುತಿಸಲು ಗಾಜಿನ ಅಗತ್ಯ ಬೀಳಲಿಲ್ಲ. ಹಬ್ಬಿಕೊಂಡು ಬಲಕ್ಕೆ ವಾಲುವ ಆ ಬರಹದಲ್ಲೇ ನಾದಿನಿ ವರ್ಷ ವರ್ಷ ಅವನ ಹುಟ್ಟಿದ ದಿನಕ್ಕೆ ‘ಭಾವನಿಗೆ’ ಎಂದು ಬರೆದು ಕಳಿಸುತ್ತಿದ್ದಳು.

‘ಮಾನ್ಯರೇ, ನಿಮ್ಮಲ್ಲಿ ಅಚ್ಚಾದ ಹನಿ ಔಷಧಿಯ ಲೇಬಲ್ಲಿನಲ್ಲಿ ಮೂರು ಎಂಬ ಅಂಕಿ ಎಂಟರಂತೆ ಕಾಣುತ್ತಿದೆ. ನಾನು ಹಳಬಳು. ಅಳತೆ ಮೂರೇ ಎಂದು ಬಲ್ಲೆ. ಆದರೆ ನಮ್ಮಲ್ಲಿ ಕೆಲಸ ಕಲಿಯುತ್ತಿರುವ ನನ್ನ ಅಕ್ಕನ ಮಗಳು ನಿನ್ನೆ ಒಂದು ಕೂಸಿಗೆ ಎಂಟು ಹನಿ ಎಣಿಸುತ್ತಿದ್ದಳು. ನಾಲ್ಕನೆಯ ಹನಿಗೆ ನಾನು ಕಂಡು ಕೈ ಹಿಡಿದೆ. ಅವಳ ತಪ್ಪಿಲ್ಲ. ಯಾರು ಓದಿದರೂ ಹಾಗೇ ಓದುತ್ತಾರೆ. ಎಲ್ಲ ಸಲವೂ ನಾನು ಪಕ್ಕದಲ್ಲಿ ಇರುವುದಿಲ್ಲ. ದಯವಿಟ್ಟು ಲೇಬಲ್ಲನ್ನು ಬದಲಾಯಿಸಿ.’

ಮುಂದೆ ಕಣ್ಣು ಓಡಲಿಲ್ಲ. ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಅವನು ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಚಿ ಜೇಬಿಗೆ ತುರುಕಿದ.

ಅಳತೆ ಮೂರೇ ಎಂದು ಬಲ್ಲೆ. ಹಾಗಾದರೆ ಅವಳು ತಪ್ಪು ಓದಿದವಳಲ್ಲ. ಮೇಷ್ಟ್ರು, ಪ್ರೂಫು, ಹಸಿರು ಶಾಯಿ, ಬೆಳಗಿನಿಂದ ಅವನು ಕಟ್ಟಿದ್ದೆಲ್ಲ ಒಂದು ಸಾಲಿಗೆ ಕುಸಿದುಬಿತ್ತು.

ತಪ್ಪು ಓದಿದವಳು ಇನ್ನೊಬ್ಬಳು.

ನಾದಿನಿ ಹನ್ನೊಂದು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು ಯಾಕೆಂದು ಅವನಿಗೆ ಈಗ ತಿಳಿಯಿತು. ತಿಳಿಯದಿದ್ದರೇ ಚೆನ್ನಾಗಿತ್ತು. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಎದುರಿನ ಅಂಗಡಿಯ ಬೋರ್ಡಿನಿಂದ ಗುಂಡ ಕೆನ್ನೆ ಉಬ್ಬಿಸಿ ಅವನನ್ನೇ ನೋಡುತ್ತಿದ್ದ. ಕೊನೆಗೆ ಅವನು ನಡೆದೇ ಮನೆಗೆ ಹೋದ.

*

“ಏನ್ರೀ, ಏನಾದರೂ ಸಿಕ್ತಾ?”

ಹನ್ನೊಂದು ಸಂಜೆಯಿಂದ ಹೆಂಡತಿ ಬಾಗಿಲಲ್ಲೇ ಕೇಳುತ್ತಿದ್ದ ಪ್ರಶ್ನೆ. ನಿನ್ನೆಯ ತನಕ ಅವನು ಇಲ್ಲ ಎಂದಿದ್ದ. ಇವತ್ತು ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅವಳು ಅವನ ಮುಖ ನೋಡಿ, ಕೈ ಒರೆಸಿಕೊಂಡು, ಊಟದ ಮೇಜಿನ ಕುರ್ಚಿ ಎಳೆದು ಕೂತಳು.

ಅವನು ಲೇಬಲ್ಲಿನ ಕತೆ ಹೇಳಿದ. ಮೂರು ಎಂಟಾಗುವುದನ್ನು ಹೇಳಿದ. ಅವಳ ಕಣ್ಣು ತುಂಬಿ ಬಂತು.

“ಅಯ್ಯೋ ದೇವರೇ. ಅಂದರೆ ಅವಳದೇನೂ ತಪ್ಪಿಲ್ಲ! ಕಾಣಿಸಿದ್ದನ್ನ ಓದಿದಾಳೆ. ಅವಳನ್ನ ಬಿಟ್ಟುಬಿಡ್ತಾರೆ, ಅಲ್ವಾ?”

ಅವನು ಕಾಗದವನ್ನು ಮೇಜಿನ ಮೇಲಿಟ್ಟ. ಇಡಬಾರದಿತ್ತು. ಆದರೆ ಇಪ್ಪತ್ತೇಳು ವರ್ಷ ಅವಳಿಂದ ಏನನ್ನೂ ಮುಚ್ಚಿಟ್ಟು ಅವನಿಗೆ ಅಭ್ಯಾಸವಿರಲಿಲ್ಲ.

ಅವಳು ಓದಿದಳು. ತಂಗಿಯ ಕೈಬರಹದ ಮೇಲೆ ಬೆರಳಾಡಿಸುತ್ತ ನಿಧಾನವಾಗಿ ಓದಿದಳು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಅಲ್ಲಿಂದ ಮುಂದೆ ಹೋಗಲಿಲ್ಲ.

“ಇದನ್ನ ವಕೀಲರಿಗೆ ಕೊಟ್ಟರೆ?”

“ನಿನ್ನ ತಂಗಿ ಮೊದಲೇ ಎಚ್ಚರಿಕೆ ಕೊಟ್ಟಿದ್ದಳು ಅಂತಾಗುತ್ತೆ. ಅವಳ ಮೇಲಿನ ಸಂಶಯ ಹೋಗಬಹುದು.”

“ಹೋಗಿ ಯಾರ ಮೇಲೆ ಕೂರುತ್ತೆ?”

ಅವನು ಒಳಕೋಣೆಯ ಮುಚ್ಚಿದ ಬಾಗಿಲಿನ ಕಡೆ ನೋಡಿದ.

“ಹೇಳ್ರೀ. ಅವಳನ್ನ ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದೀನಿ. ಇವಳನ್ನ ಹೊಟ್ಟೇಲಿ ಹೊತ್ತೆ. ಇರೋದೇ ಎರಡು ಕಣ್ಣು. ಯಾವುದನ್ನ ಕಿತ್ತು ಕೊಡಲಿ ನಿಮ್ಮ ಕೋರ್ಟಿಗೆ?”

ಒಳಕೋಣೆಯ ಬಾಗಿಲು ತೆರೆಯಿತು. ಮಗಳು ನಿಂತಿದ್ದಳು. ಚಿಕ್ಕಮ್ಮನನ್ನು ಕರೆದೊಯ್ದ ದಿನದಿಂದ ಅವಳು ಕೆಲಸಕ್ಕೆ ಹೋಗಿರಲಿಲ್ಲ. ತಲೆ ಬಾಚಿರಲಿಲ್ಲ. ಇಪ್ಪತ್ತೆರಡರ ಹುಡುಗಿಗೆ ನಲವತ್ತಾದಂತಿತ್ತು.

“ನನ್ನ ವಿಷಯಾನಾ ಅಪ್ಪಾ?”

ಹೆಂಡತಿ ಕಾಗದವನ್ನು ಸೆರಗಿನಡಿಗೆ ಎಳೆದುಕೊಂಡು ಎದ್ದು ಅಡಿಗೆಮನೆಗೆ ನಡೆದಳು. ಅವನು ಅವಳ ಕಡೆ ನೋಡಲಿಲ್ಲ. ನೋಡಬೇಕಿತ್ತು. ಅವನ ಕಣ್ಣೆಲ್ಲ ಮಗಳ ಮೇಲಿತ್ತು. ಸಂಶಯದವರನ್ನು ನೋಡಿ ನೋಡಿ ಪಳಗಿದ ಆ ಕಣ್ಣು ತನ್ನ ಮಗಳ ಮುಖದಲ್ಲೂ ರೆಪ್ಪೆ ಬಡಿತ ಎಣಿಸುತ್ತಿದ್ದುದು ಅವನಿಗೇ ಅಸಹ್ಯವಾಯಿತು.

“ಹದಿನೆಂಟನೇ ತಾರೀಕು ಒಂದು ಕೂಸಿಗೆ ಎಂಟು ಹನಿ ಎಣಿಸ್ತಿದ್ದೆಯಂತೆ.”

ಅವಳು ತಲೆ ತಗ್ಗಿಸಲಿಲ್ಲ. “ಹೂಂ. ಚಿಕ್ಕಮ್ಮ ಕೈ ಹಿಡಿದರು.”

“ಯಾಕೆ ಹೇಳಲಿಲ್ಲ ನನಗೆ?”

“ಹೇಗೆ ಹೇಳಲಿ? ಹೇಳಿದರೆ ಆಮೇಲಿನ ನಾಲ್ಕೂ ನನ್ನ ತಲೆಗೇ ಬರುತ್ತೆ. ನೀವೇ ಈಗ ಹಾಗೆ ನೋಡ್ತಿದೀರಿ.”

“ಆ ನಾಲ್ಕು ಮಕ್ಕಳಿಗೆ ಯಾರು ಹಾಕಿದ್ದು?”

“ಒಂದಕ್ಕೆ ಚಿಕ್ಕಮ್ಮ, ಒಂದಕ್ಕೆ ನಾನು. ಇನ್ನೆರಡಕ್ಕೆ ಬೇರೆ ಪಾಳಿಯವರು. ಆದರೆ ನಾನು ಮೂರೇ ಹಾಕಿದ್ದು ಅಪ್ಪಾ! ಆಣೆ ಮಾಡಿ ಹೇಳ್ತೀನಿ. ಚಿಕ್ಕಮ್ಮ ಬೈದ ಮೇಲೆ ಕಣ್ಣು ಮುಚ್ಚಿದರೂ ಮೂರೇ ಕಾಣ್ತಿತ್ತು ನನಗೆ.” ಅವಳ ದನಿ ಒಡೆಯಿತು. “ಬೇರೆ ಪಾಳಿಯವರೂ ತಪ್ಪೋಕೆ ಸಾಧ್ಯ ಇರಲಿಲ್ಲ. ಅವತ್ತೇ ಬೀರುವಿನಲ್ಲಿದ್ದ ಹನ್ನೆರಡು ಬಾಟಲಿಗೂ ಕೆಂಪು ಶಾಯಿಯಲ್ಲಿ, ಲೇಬಲ್ ಮೇಲೇ, ಇಷ್ಟು ದೊಡ್ಡದಾಗಿ ಮೂರು ಅಂತ ಬರೆದಿದ್ದೀವಿ. ಆರು ಚಿಕ್ಕಮ್ಮ, ಆರು ನಾನು.”

ಭೂತಗನ್ನಡಿ ಕೈಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಪೊಲೀಸರು ಆ ಬೀರುವಿನಿಂದಲೇ ವಶಪಡಿಸಿಕೊಂಡ ಹನ್ನೆರಡರಲ್ಲಿ ಇದು ಒಂದು, ಪರೀಕ್ಷೆಗೆಂದು ವಕೀಲರು ಕೋರ್ಟಿನಿಂದ ಕೊಡಿಸಿದ್ದು. ಉಳಿದ ಹನ್ನೊಂದನ್ನೂ ಅವನು ಠಾಣೆಯಲ್ಲಿ ಕಣ್ಣಾರೆ ಕಂಡಿದ್ದ.

ಲೇಬಲ್ ಹಾಲಿನಷ್ಟು ಬೆಳ್ಳಗಿತ್ತು. ಕೆಂಪು ಎಲ್ಲೂ ಇರಲಿಲ್ಲ.

ಅವನು ಗಾಜು ತೆಗೆದು ಬಗ್ಗಿದ. ಒರೆಸಿದ ಗುರುತು ಹುಡುಕಿದ, ಉಜ್ಜಿದ ಗುರುತು ಹುಡುಕಿದ. ಮಗಳ ಮಾತು ನಿಜವಾಗಲಿ ಎಂದು ಒಂದೇ ಒಂದು ಕೆಂಪು ಕಣವನ್ನು ಬೇಡಿಕೊಂಡ. ಏನೂ ಇರಲಿಲ್ಲ.

“ಅಪ್ಪಾ, ಇದು ನಮ್ಮ ಬೀರುವಿನ ಬಾಟಲಿ ಅಲ್ಲ” ಎಂದಳು ಮಗಳು ಮೆಲ್ಲಗೆ. “ನಾವು ಬರೆದಿದ್ದು ಇದರ ಮೇಲಲ್ಲ. ಯಾರೋ ಬದಲಾಯಿಸಿದಾರೆ.”

ಒಂದೋ ಮಗಳು ಸುಳ್ಳು ಹೇಳುತ್ತಿದ್ದಾಳೆ. ಇಲ್ಲವೇ, ತಿದ್ದಿದ ಹನ್ನೆರಡು ಬಾಟಲಿಗಳನ್ನು ತೆಗೆದು, ತಿದ್ದದ ಹನ್ನೆರಡನ್ನು ಅದೇ ಜಾಗದಲ್ಲಿ ಇಟ್ಟವರು ಯಾರೋ ಇದ್ದಾರೆ. ಮೂರು ಎಂಟಾಗಿಯೇ ಕಾಣಲಿ ಎಂದು ಬಯಸಿದವರು. ಲೇಬಲ್ಲಿನ ತಪ್ಪು ಗೊತ್ತಿದ್ದವರು. ತಿದ್ದಿ ಬರೆದ ಬಾಟಲಿಗಳಿಗೇ ಅದೇ ಔಷಧಿಯನ್ನು ಇನ್ನಷ್ಟು ಗಟ್ಟಿಯಾಗಿ ತುಂಬಿ, ಆಮೇಲೆ ಅವನ್ನು ಮಾಯ ಮಾಡಿದವರೂ ಇರಬಹುದು. ಪತ್ತೇದಾರನ ಮಿದುಳು ಎರಡನೆಯದರ ಕಡೆ ಓಡಿತು. ಓಡುತ್ತಿರುವುದು ಮಿದುಳೋ, ಅಪ್ಪನ ಆಸೆಯೋ ಎಂದು ಅವನಿಗೆ ತಿಳಿಯಲಿಲ್ಲ.

“ನೀವು ಬರೆದಿದ್ದಕ್ಕೆ ಸಾಕ್ಷಿ ಯಾರು?”

“ಯಾರೂ ಇರಲಿಲ್ಲ. ನಾವಿಬ್ಬರೇ.”

“ಹಾಗಾದರೆ ಇದನ್ನ ನಂಬೋರು ಯಾರು ಮಗಳೇ?” ಅವನ ದನಿ ಅವನಿಗೇ ದೂರದಿಂದ ಬಂದಂತೆ ಕೇಳಿತು. “ಜೈಲಲ್ಲಿರೋಳು ಒಬ್ಬಳು, ಮನೇಲಿರೋಳು ಒಬ್ಬಳು.”

ಮಗಳು ಅವನನ್ನು ಅಚ್ಚರಿಯಿಂದ ನೋಡಿದಳು.

“ಯಾಕೆ, ಕಾಗದದಲ್ಲೇ ಇದೆಯಲ್ಲ? ಚಿಕ್ಕಮ್ಮ ಬರೆಯೋವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಹಾಳೆ ಹಿಂದುಗಡೆ ಬರೆದಿದ್ದರು, ಹನ್ನೆರಡಕ್ಕೂ ಕೆಂಪು ಶಾಯಿಯಲ್ಲಿ ತಿದ್ದಿದೀವಿ ಅಂತ. ನಾನೂ ಕೆಳಗೆ ಸಹಿ ಮಾಡಿದೀನಿ.”

ಹಿಂದುಗಡೆ.

ಮೆಟ್ಟಿಲ ಮೇಲೆ ಓದಿದ ಪುಟ ಅವನ ಕಣ್ಣ ಮುಂದೆ ಬಂತು. ಆ ಪುಟದಲ್ಲಿ ಸಹಿ ಇರಲಿಲ್ಲ. ಸಹಿ ಇಲ್ಲದ ಕಾಗದ ಅಲ್ಲಿಗೆ ಮುಗಿದಿರಲಾರದೆಂದು ಯಾವ ಹೊಸ ಕಾನ್‌ಸ್ಟೇಬಲ್ಲಿಗಾದರೂ ಹೊಳೆಯುತ್ತಿತ್ತು. ಅವನು ಹಾಳೆಯನ್ನು ಮಗುಚಿ ನೋಡಿರಲಿಲ್ಲ. ಹನ್ನೆರಡು ಬಾಟಲಿ ಬದಲಾದವೆಂಬುದಕ್ಕೆ, ನಾದಿನಿ, ಮಗಳು ಇಬ್ಬರೂ ನಿರಪರಾಧಿಗಳೆಂಬುದಕ್ಕೆ, ಸಾವಿಗೆ ಎಂಟು ದಿನ ಮೊದಲೇ ತಾರೀಕು ಬಿದ್ದ ಒಂದೇ ಒಂದು ಸಾಕ್ಷಿ ಅದೇ ಆಗಿತ್ತು.

ಅವನು ಮೇಜಿನ ಮೇಲೆ ಕೈ ಹಾಕಿದ. ಮೇಜು ಖಾಲಿ.

ಅಡಿಗೆಮನೆಯಿಂದ ಸುಟ್ಟ ವಾಸನೆ ಬರುತ್ತಿತ್ತು. ಅನ್ನ ಸೀದ ವಾಸನೆಯಲ್ಲ.

ಅವನು ಓಡಿದ. ಹೆಂಡತಿ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ನಲ್ಲಿ ಸುರಿಯುತ್ತಿತ್ತು. ತೊಟ್ಟಿಯಲ್ಲಿ ಕಪ್ಪು ಚೂರುಗಳು ನೀರಿನೊಡನೆ ಸುತ್ತುತ್ತ ಒಂದೊಂದಾಗಿ ತೂತಿನೊಳಗೆ ಇಳಿಯುತ್ತಿದ್ದವು.

“ಕಾಗದ ಎಲ್ಲಿ?”

ಅವಳು ತಿರುಗಲಿಲ್ಲ. ನಲ್ಲಿಯನ್ನು ನಿಲ್ಲಿಸಿದಳು, ಸೆರಗಿನಿಂದ ಕೈ ಒರೆಸಿಕೊಂಡಳು.

“ಯಾವ ಕಾಗದ? ನನ್ನ ಮಗಳ ಹೆಸರಿರೋ ಕಾಗದ ಈ ಮನೇಲಿ ಯಾವುದೂ ಇಲ್ಲ.”